ಪೊಲೀಸರಿಗೆ ತೋರಿಸುವ ಕಾಗದವಲ್ಲ ಇದು



ನಮ್ಮ ಊರಿನಲ್ಲಿ ಯಾರಾದರೂ ಹೊಸ ಬೈಕ್ ತೆಗೆದರೆ ನಾಲ್ಕು ಪ್ರಶ್ನೆ ಕೇಳುತ್ತಾರೆ. ಎಷ್ಟು ಸಿಸಿ? ಮೈಲೇಜ್ ಎಷ್ಟು? ಆನ್ ರೋಡ್ ಎಷ್ಟು ಬಿತ್ತು? ಲೋನಾ, ಕ್ಯಾಶಾ? ಯಾವ ಇನ್ಶೂರೆನ್ಸ್ ತೆಗೆದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅಪ್ಪಿತಪ್ಪಿ ಕೇಳಿದರೆ ಸಿಗುವ ಉತ್ತರವೂ ಒಂದೇ: "ಉಂಟು, ಐದು ವರ್ಷದ್ದು ಉಂಟು."

ಆ ಉತ್ತರದ ಮೇಲೆ ನನಗೆ ಸಿಟ್ಟಿದೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಆ ಉತ್ತರವನ್ನು ಒಂದು ಕಾಲದಲ್ಲಿ ನಾನೇ ಹೇಳಿದ್ದೆ ಎಂಬುದು ಸಿಟ್ಟಿನ ದೊಡ್ಡ ಕಾರಣ.

ಉಪ್ಪಳದಲ್ಲಿ ನನ್ನ ಉಪ್ಪನದ್ದು ದಿನಸಿ ಅಂಗಡಿ. ಶಾಲೆ ಬಿಟ್ಟ ಮೇಲೆ ಸಕ್ಕರೆ ಪೊಟ್ಟಣ ಕಟ್ಟುತ್ತಾ ದೊಡ್ಡವನಾದವನು ನಾನು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಮೂರು ವರ್ಷ ಮಂಗಳೂರಿನ ಒಂದು ಬೈಕ್ ಸರ್ವಿಸ್ ಸೆಂಟರಿನಲ್ಲಿ ಕೆಲಸ ಮಾಡಿದೆ. ಬಿದ್ದ ಗಾಡಿ ಬಂದಾಗ ಫೋಟೋ ತೆಗೆಯುವುದು, ಎಸ್ಟಿಮೇಟ್ ಬರೆಯುವುದು, ಸರ್ವೆಯರ್ ಜೊತೆ ನಿಂತು ಯಾವ ಪಾರ್ಟ್ ಪಾಸಾಯಿತು, ಯಾವುದು ಆಗಲಿಲ್ಲ ಎಂದು ನೋಡುವುದು ನನ್ನ ಕೆಲಸವಾಗಿತ್ತು. ಹಾಗಾಗಿ ಕುಟುಂಬದಲ್ಲಿ ಯಾರು ಗಾಡಿ ತೆಗೆದರೂ ಫೋನ್ ನನಗೆ ಬರುತ್ತದೆ.

2021ರಲ್ಲಿ ಮಾಮನ ದೊಡ್ಡ ಮಗ ಅಬುಧಾಬಿಯಿಂದ ಫೋನ್ ಮಾಡಿದ. ರಜೆಯಲ್ಲಿ ಬಂದಾಗ ಓಡಿಸಲು ಒಂದು ಬೈಕ್ ಬೇಕು, ಉಳಿದ ಸಮಯ ತಮ್ಮ ಓಡಿಸಲಿ ಎಂದು. "ನೀನು ಇಂಜಿನಿಯರ್ ಅಲ್ವಾ, ನೀನೇ ಹೋಗಿ ನೋಡು ಮಾರಾಯ" ಎಂದ. ನಾನು ಹೋದೆ. ಶೋರೂಮಿನಲ್ಲಿ ಬಿಲ್ ನೋಡಿದೆ. ಇನ್ಶೂರೆನ್ಸ್ ಸಾಲಿನಲ್ಲಿ ಮಾಲೀಕನ ವೈಯಕ್ತಿಕ ಅಪಘಾತ ವಿಮೆಯನ್ನೂ ಐದು ವರ್ಷಕ್ಕೆ ಹಾಕಿದ್ದರು. ನಾನು ಜಾಣತನ ತೋರಿಸಿದೆ. "ಇದು ಒಂದು ವರ್ಷಕ್ಕೆ ಸಾಕು, ಇಳಿಸಿ" ಎಂದೆ. ಉಳಿದ ಹಣದಲ್ಲಿ ಸೀಟ್ ಕವರ್, ಕ್ರ್ಯಾಶ್ ಗಾರ್ಡ್ ಹಾಕಿಸಿದೆ. ಆರ್‌ಸಿ ದುಡ್ಡು ಕೊಟ್ಟವನ ಹೆಸರಿನಲ್ಲಿ ಆಯಿತು. ಮಾಮನ ಮನೆಯಲ್ಲಿ ಬಿರಿಯಾನಿ ತಿಂದು, ಹೊಗಳಿಕೆ ಕೇಳಿ ಬಂದೆ.

2023ರ ಜುಲೈ. ಜೋರು ಮಳೆ. ಹೈವೇ ಕೆಲಸ ನಡೆಯುತ್ತಿದ್ದ ಕಾಲ. ಸರ್ವಿಸ್ ರೋಡ್ ಎಂದರೆ ಅರ್ಧ ಡಾಂಬರು, ಅರ್ಧ ಜಲ್ಲಿ. ಮಾಮನ ಚಿಕ್ಕ ಮಗನಿಗೆ ಆಗ ಇಪ್ಪತ್ತೆರಡು ವರ್ಷ. ಸ್ನೇಹಿತನನ್ನು ಹಿಂದೆ ಕೂರಿಸಿಕೊಂಡು ರಾತ್ರಿ ಬರುತ್ತಿದ್ದ. ಯಾರೂ ಗುದ್ದಲಿಲ್ಲ. ಜಲ್ಲಿಯ ಮೇಲೆ ಮುಂದಿನ ಚಕ್ರ ಜಾರಿತು, ಗಾಡಿ ಕಾಂಕ್ರೀಟ್ ತಡೆಗೆ ಹೋಗಿ ಬಡಿಯಿತು. ಹೆಲ್ಮೆಟ್ ಇತ್ತು, ಅಲ್‌ಹಮ್ದುಲಿಲ್ಲಾಹ್, ಜೀವ ಉಳಿಯಿತು. ಬಲಗಾಲು ಉಳಿಯಲಿಲ್ಲ. ಮೊಣಕಾಲಿನ ಕೆಳಗೆ ತೆಗೆದರು. ಹಿಂದೆ ಕೂತವನಿಗೆ ತೊಡೆಯ ಮೂಳೆ ಎರಡು ಕಡೆ ಮುರಿಯಿತು.

ಆಸ್ಪತ್ರೆಯ ಬಾಗಿಲಲ್ಲಿ ಮಾಮ ನನ್ನನ್ನು ಕೇಳಿದರು: "ಇನ್ಶೂರೆನ್ಸ್ ಉಂಟಲ್ಲ ಮೋನೇ, ಐದು ವರ್ಷದ್ದು?"

ಉಂಟು ಮಾಮ. ಆದರೆ ಅದು ನಿಮ್ಮ ಮಗನದ್ದಲ್ಲ.

ಆ ಮಾತು ಬಾಯಿಯಿಂದ ಹೊರಡಲು ಎರಡು ದಿನ ಬೇಕಾಯಿತು. ನನ್ನ ಜಾಣತನದಲ್ಲಿ ಏನೇನು ತಪ್ಪಿತ್ತು, ನಮ್ಮ ಮನೆಗಳಲ್ಲಿ ಈಗಲೂ ಅದೇ ತಪ್ಪು ಹೇಗೆ ನಡೆಯುತ್ತಿದೆ ಎಂದು ಒಂದೊಂದಾಗಿ ಹೇಳುತ್ತೇನೆ.

ಐದು ವರ್ಷ ಎಂಬ ಭ್ರಮೆ

ಸುಪ್ರೀಂ ಕೋರ್ಟಿನ ಆದೇಶದ ಮೇರೆಗೆ 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು. ಒಳ್ಳೆಯ ಆದೇಶ. ಆದರೆ ಐದು ವರ್ಷ ಇರುವುದು ಥರ್ಡ್ ಪಾರ್ಟಿಗೆ ಮಾತ್ರ. ನಿಮ್ಮ ಗಾಡಿ ಯಾರಿಗಾದರೂ ತಾಗಿ ಅವರು ಸತ್ತರೆ, ಗಾಯಗೊಂಡರೆ, ಅವರ ಸೊತ್ತು ಹಾಳಾದರೆ ಕೊಡುವ ಪರಿಹಾರ ಅದು. ಅದರಲ್ಲಿ ನಿಮ್ಮ ಗಾಡಿಯ ಒಂದು ಇಂಡಿಕೇಟರಿಗೂ ದುಡ್ಡಿಲ್ಲ. ನಿಮ್ಮ ಒಂದು ಬೆರಳಿಗೂ ಇಲ್ಲ.

ಶೋರೂಮಿನಲ್ಲಿ ಅದರ ಜೊತೆ ಇನ್ನೆರಡು ಸೇರಿಸಿ ಕೊಡುತ್ತಾರೆ. ಒಂದು, ಗಾಡಿಯ ಸ್ವಂತ ಹಾನಿಯ ವಿಮೆ. ಇದು ಹೆಚ್ಚಾಗಿ ಒಂದು ವರ್ಷದ್ದು. ಇನ್ನೊಂದು, ಮಾಲೀಕ ಸವಾರನ ವೈಯಕ್ತಿಕ ಅಪಘಾತ ವಿಮೆ, 15 ಲಕ್ಷ ರೂಪಾಯಿಯದ್ದು. ಇದನ್ನು ಒಂದು ವರ್ಷಕ್ಕೂ ತೆಗೆಯಬಹುದು, ಹೆಚ್ಚು ವರ್ಷಕ್ಕೂ ತೆಗೆಯಬಹುದು. 2018ರ ಮೊದಲು ಬೈಕಿಗೆ ಈ ಮೊತ್ತ ಬರೀ ಒಂದು ಲಕ್ಷ ಇತ್ತು. ಹದಿನೈದು ಪಟ್ಟು ಆಯಿತು. ನಮಗೆ ಮಾತ್ರ ಗೊತ್ತೇ ಆಗಲಿಲ್ಲ.

ಒಂದು ವರ್ಷ ಕಳೆದ ಮರುದಿನ ಈ ಎರಡೂ ಸದ್ದಿಲ್ಲದೆ ಮುಗಿಯುತ್ತವೆ. ಪಾಲಿಸಿಯಲ್ಲಿ ಮೂರು ತಾರೀಕುಗಳು ಇರುತ್ತವೆ. ನಾವು ಓದುವುದು ಅತಿ ದೂರದ ತಾರೀಕನ್ನು. ಪೊಲೀಸ್ ಕೈ ಅಡ್ಡ ಹಿಡಿದಾಗ ಅಷ್ಟು ಸಾಕು. ನಮ್ಮಲ್ಲಿ ಇನ್ಶೂರೆನ್ಸ್ ಎಂದರೆ ಪೊಲೀಸರಿಗೆ ತೋರಿಸುವ ಕಾಗದ. ಅದಿಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು. ಆ ಎರಡು ಸಾವಿರದ ಹೆದರಿಕೆಗೆ ನಾವು ವಿಮೆ ಮಾಡುತ್ತೇವೆ. ಕಾಲು ಹೋಗುವ ಹೆದರಿಕೆಗೆ ಮಾಡುವುದಿಲ್ಲ.

ಆರ್‌ಸಿ ಯಾರ ಹೆಸರಿನಲ್ಲಿ?

ಇದು ಗಲ್ಫ್ ಮನೆಗಳ ರೋಗ. ಇದನ್ನು ದಯವಿಟ್ಟು ಗಮನವಿಟ್ಟು ಓದಿ.

ಮಾಲೀಕ ಸವಾರನ ವಿಮೆ ಎಂದರೆ ಹೆಸರೇ ಹೇಳುವಂತೆ, ಆರ್‌ಸಿಯಲ್ಲಿ ಯಾರ ಹೆಸರಿದೆಯೋ, ಪಾಲಿಸಿ ಯಾರ ಹೆಸರಿನಲ್ಲಿದೆಯೋ, ಅವರೇ ಓಡಿಸುತ್ತಿರಬೇಕು. ಅವರಲ್ಲಿ ಸರಿಯಾದ ಲೈಸೆನ್ಸ್ ಇರಬೇಕು. ಅಣ್ಣನ ಗಾಡಿಯನ್ನು ತಮ್ಮ ಓಡಿಸಿದರೆ ತಮ್ಮನಿಗೆ ಅದು ಸಿಗುವುದಿಲ್ಲ. "ಹಾಗಾದರೆ ತಮ್ಮ ಥರ್ಡ್ ಪಾರ್ಟಿ ಅಲ್ವಾ?" ಎಂದು ನಾನೂ ವಕೀಲರಲ್ಲಿ ಕೇಳಿದೆ. ಅಲ್ಲ. ಬೇರೆಯವರ ಗಾಡಿಯನ್ನು ಎರವಲು ಪಡೆದು ಓಡಿಸುವವನು ಮಾಲೀಕನ ಜಾಗದಲ್ಲಿಯೇ ನಿಲ್ಲುತ್ತಾನೆ, ಅವನು ಆ ಗಾಡಿಯ ವಿಮೆಯ ಮಟ್ಟಿಗೆ ಮೂರನೆಯವನಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟವಾಗಿ ಹೇಳಿದೆ. ಅಂದರೆ ತಾನೇ ಜಾರಿ ಬಿದ್ದ ಹುಡುಗನಿಗೆ ಆ ಕಡೆಯ ಬಾಗಿಲೂ ಮುಚ್ಚಿದೆ, ಈ ಕಡೆಯದ್ದೂ ಮುಚ್ಚಿದೆ.

ಈಗ ನಮ್ಮ ಬೀದಿಯಲ್ಲಿ ನಿಂತು ಎಣಿಸಿ ನೋಡಿ. ಶಾರ್ಜಾದಲ್ಲಿರುವ ಗಂಡನ ಹೆಸರಿನ ಸ್ಕೂಟರಿನಲ್ಲಿ ಮಕ್ಕಳನ್ನು ಶಾಲೆಗೆ, ಮದ್ರಸಕ್ಕೆ ಬಿಡುವ ಹೆಣ್ಣುಮಕ್ಕಳು ಎಷ್ಟು? ಉಪ್ಪನ ಹೆಸರಿನ ಬೈಕಿನಲ್ಲಿ ಕಾಲೇಜಿಗೆ ಹೋಗುವ ಹುಡುಗರು ಎಷ್ಟು? ಅವರಲ್ಲಿ ಒಬ್ಬರಿಗೂ ಆ 15 ಲಕ್ಷದ ರಕ್ಷಣೆ ಇಲ್ಲ. ದುಡ್ಡು ಕಟ್ಟಿದವನು ವರ್ಷಕ್ಕೆ ಒಂದು ತಿಂಗಳು ಊರಿಗೆ ಬರುತ್ತಾನೆ. ವಿಮೆ ಅವನದ್ದು, ರಸ್ತೆ ಇವಳದ್ದು.

ಮಾಮನ ಮಗನ ಲೆಕ್ಕ ಹೇಳುತ್ತೇನೆ. ಈ ವಿಮೆಯಲ್ಲಿ ಸಾವಿಗೆ, ಎರಡು ಕೈಕಾಲು ಹೋದರೆ, ಎರಡೂ ಕಣ್ಣು ಹೋದರೆ ಪೂರ್ತಿ ಮೊತ್ತ. ಒಂದು ಕೈಯೋ ಕಾಲೋ ಹೋದರೆ ಅರ್ಧ. ಅಂದರೆ ಏಳೂವರೆ ಲಕ್ಷ. ಆರ್‌ಸಿ ಅವನ ಹೆಸರಿನಲ್ಲಿ ಇದ್ದು, ನಾನು ಆ ಸಾಲನ್ನು ಒಂದು ವರ್ಷಕ್ಕೆ ಇಳಿಸದೆ ಹೋಗಿದ್ದರೆ ಆ ಏಳೂವರೆ ಲಕ್ಷ ಕೇಳುವ ಹಕ್ಕು ಅವನಿಗಿತ್ತು. ಕೃತಕ ಕಾಲು, ಒಂದು ಸಣ್ಣ ಅಂಗಡಿ, ಎರಡೂ ಆಗುತ್ತಿತ್ತು. ನಾನು ಅವನಿಗೆ ಸೀಟ್ ಕವರ್ ಕೊಡಿಸಿದೆ.

ಹಿಂದೆ ಕೂತವನ ಗತಿ

ನಮ್ಮಲ್ಲಿ ಬೈಕ್ ಎಂದರೆ ಇಬ್ಬರ ಗಾಡಿ. ಉಮ್ಮನನ್ನು ಆಸ್ಪತ್ರೆಗೆ, ಹೆಂಡತಿಯನ್ನು ತವರಿಗೆ, ಸ್ನೇಹಿತನನ್ನು ಜುಮಾಗೆ ಕರೆದುಕೊಂಡು ಹೋಗುವುದು ಅದರಲ್ಲೇ. ಆದರೆ ಬರೀ ಥರ್ಡ್ ಪಾರ್ಟಿ ಪಾಲಿಸಿ ಇರುವ ಬೈಕಿನ ಹಿಂದೆ ಕೂತವರ ಪರಿಹಾರ ಕಂಪನಿಯ ಹೊಣೆ ಅಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಫುಲ್ ಪಾಲಿಸಿ, ಅಂದರೆ ಪ್ಯಾಕೇಜ್ ಪಾಲಿಸಿ ಇದ್ದರೆ ಹಿಂದೆ ಕೂತವರೂ ಅದರೊಳಗೆ ಬರುತ್ತಾರೆ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2009ರಲ್ಲಿ ಸುತ್ತೋಲೆ ಹೊರಡಿಸಿದೆ. ಒಂದೇ ಸೀಟು, ಒಂದೇ ಗಾಯ. ಪಾಲಿಸಿ ಬದಲಾದರೆ ಬದುಕು ಬದಲಾಗುತ್ತದೆ.

ನಮ್ಮ ಗಾಡಿಯ ಸ್ವಂತ ಹಾನಿಯ ವಿಮೆ 2022ರಲ್ಲೇ ಮುಗಿದಿತ್ತು. ಉಳಿದದ್ದು ಬರೀ ಥರ್ಡ್ ಪಾರ್ಟಿ. ಹಿಂದೆ ಕೂತಿದ್ದ ಹುಡುಗನ ಮನೆಯವರು ಟ್ರಿಬ್ಯೂನಲ್‌ಗೆ ಹೋದರು. ಕಂಪನಿ ತನ್ನ ಹೊಣೆ ಅಲ್ಲ ಎಂದು ಉತ್ತರ ಕೊಟ್ಟಿದೆ. ಹಾಗಾದರೆ ಕೊಡಬೇಕಾದವರು ಯಾರು? ಅಬುಧಾಬಿಯಲ್ಲಿ ಡ್ರೈವರ್ ಕೆಲಸ ಮಾಡುವ ಮಾಲೀಕ. ಎರಡು ಮನೆಗಳ ನಡುವೆ ಇರುವುದು ಒಂದು ಕಾಂಪೌಂಡ್ ಗೋಡೆ. ಪೆರ್ನಾಲ್‌ಗೆ ಪತ್ತಿರಿ ಹಂಚಿಕೊಳ್ಳುತ್ತಿದ್ದ ಮನೆಗಳು. ಈಗ ಎರಡು ವರ್ಷಕ್ಕಿಂತ ಹೆಚ್ಚಾಯಿತು, ಮಾತಿಲ್ಲ. ಆ ಮನೆಯವರದ್ದೂ ತಪ್ಪೆಂದು ನಾನು ಹೇಳಲಾರೆ. ಅವರ ಮಗನೂ ಕುಂಟುತ್ತಿದ್ದಾನೆ.

ಮಾರಿದ ಗಾಡಿ, ಮಕ್ಕಳ ಕೈಯ ಗಾಡಿ

ಇನ್ನೆರಡು ಅಭ್ಯಾಸ ನಮ್ಮಲ್ಲಿದೆ. ಒಂದು, ವಿಸಾ ಬಂತೆಂದು ಅವಸರದಲ್ಲಿ ಗಾಡಿ ಮಾರಿ, ಆರ್‌ಸಿ ಬದಲಿಸದೆ ವಿಮಾನ ಹತ್ತುವುದು. "ನಮ್ಮವನೇ ಅಲ್ವಾ, ಆಮೇಲೆ ಮಾಡಿಕೊಳ್ಳುತ್ತಾನೆ." ಕೊಂಡವನು ಇನ್ನೊಬ್ಬನಿಗೆ ಮಾರುತ್ತಾನೆ, ಅವನು ಮತ್ತೊಬ್ಬನಿಗೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವನೇ ಮಾಲೀಕ, ಪರಿಹಾರದ ಹೊಣೆಯೂ ಅವನದ್ದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು ಇಂಥದ್ದೇ ಕೈಯಿಂದ ಕೈಗೆ ದಾಟಿದ ಗಾಡಿಯ ವಿಷಯದಲ್ಲಿ. ಮಂಗಳೂರಿನಿಂದ ಕೆಎ 19 ನಂಬರಿನ ಹಳೆಯ ಗಾಡಿ ತಂದು, ಎನ್‌ಒಸಿಯೂ ಇಲ್ಲದೆ, ಹೆಸರೂ ಬದಲಿಸದೆ ಮಂಜೇಶ್ವರ, ಕುಂಬಳೆ ಸುತ್ತ ಓಡಿಸುವವರು ಇದನ್ನು ನೆನಪಿಟ್ಟುಕೊಳ್ಳಿ. ಬೇರೆಯವರ ಹೆಸರಿನ ಪಾಲಿಸಿ ನಿಮ್ಮ ಕಾಲಿಗೆ ಬರುವುದಿಲ್ಲ. ನಿಮ್ಮ ತಪ್ಪು ಅವರ ಮನೆಗೆ ಹೋಗುತ್ತದೆ.

ಎರಡು, ಹತ್ತನೇ ಕ್ಲಾಸಿನ ಹುಡುಗನ ಕೈಗೆ ಕೀ ಕೊಡುವುದು. "ಇಲ್ಲೇ ಪಳ್ಳಿವರೆಗೆ ಅಲ್ವಾ." 2019ರ ತಿದ್ದುಪಡಿಯ ನಂತರ ಇದಕ್ಕೆ ಹೆತ್ತವರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಲೈಸೆನ್ಸ್ ಇಲ್ಲದವನು ಯಾರಿಗಾದರೂ ಗುದ್ದಿದರೆ ಕೋರ್ಟು ಕಂಪನಿಯಿಂದ ಗಾಯಾಳುವಿಗೆ ಹಣ ಕೊಡಿಸಿ, ಅದನ್ನು ಮಾಲೀಕನಿಂದ ವಸೂಲಿ ಮಾಡಿಕೊಳ್ಳಲು ಬಿಡುತ್ತದೆ. ಆಗ ವಿಮೆ ಇದ್ದೂ ಮನೆ ಮಾರುವ ಸ್ಥಿತಿ ಬರಬಹುದು.

ಅಗ್ಗಕ್ಕೆ ಸಿಕ್ಕಿತು ಎಂದರೆ

ಅಂಗಡಿಯಲ್ಲಿ ಉಪ್ಪ ಕಲಿಸಿದ ಒಂದು ಪಾಠ ಇದೆ. ಅಕ್ಕಿ ಮೂಟೆ ಯಾರಾದರೂ ಮಾರ್ಕೆಟ್ ರೇಟಿಗಿಂತ ಕಡಿಮೆಗೆ ತಂದರೆ ಖುಷಿಪಡಬೇಡ, ಮೊದಲು ತಕ್ಕಡಿಗೆ ಹಾಕು. ತೂಕ ಕಡಿಮೆ ಇರಬೇಕು, ಇಲ್ಲವೇ ಒಳಗೆ ಬೇರೆ ಅಕ್ಕಿ ಇರಬೇಕು.

ಇನ್ಶೂರೆನ್ಸಿಗೂ ಇದೇ ತಕ್ಕಡಿ. ಥರ್ಡ್ ಪಾರ್ಟಿ ದರ ಸರಕಾರ ನಿಗದಿ ಮಾಡುವುದು. 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ 75ರಿಂದ 150 ಸಿಸಿವರೆಗಿನ ಗಾಡಿಗೆ ವರ್ಷಕ್ಕೆ 714 ರೂಪಾಯಿ, 150ರಿಂದ 350 ಸಿಸಿವರೆಗೆ 1,366, ಅದಕ್ಕಿಂತ ಮೇಲೆ 2,804. ಹೊಸ ಗಾಡಿಗೆ ಐದು ವರ್ಷದ್ದು ಒಟ್ಟಿಗೆ ಕ್ರಮವಾಗಿ 3,851, 7,365 ಮತ್ತು 15,117. ಜಿಎಸ್‌ಟಿ ಬೇರೆ. ಯಾವ ಕಂಪನಿಗೆ ಹೋದರೂ ಈ ಭಾಗ ಒಂದೇ. ಹಾಗಾದರೆ ಒಬ್ಬ ಏಜೆಂಟ್ ಇನ್ನೊಬ್ಬನಿಗಿಂತ ಆರುನೂರು ಕಡಿಮೆ ಹೇಗೆ ಹೇಳುತ್ತಾನೆ? ಬೇರೆ ಎಲ್ಲಿಂದಲೋ ತೆಗೆದಿದ್ದಾನೆ. ಹೆಚ್ಚಾಗಿ ಮೂರು ಜಾಗದಿಂದ.

ಮೊದಲನೆಯದು, ಗಾಡಿಯ ಬೆಲೆ. ಪಾಲಿಸಿಯಲ್ಲಿ ಐಡಿವಿ ಎಂದು ಬರೆದಿರುತ್ತದೆ. ಗಾಡಿ ಕಳವಾದರೆ, ಪೂರ್ತಿ ಹಾಳಾದರೆ ಸಿಗುವ ಮೊತ್ತ ಅದು. ಒಂದರಿಂದ ಎರಡು ವರ್ಷದ ಗಾಡಿಗೆ ಸಾಮಾನ್ಯ ಲೆಕ್ಕದಲ್ಲಿ ಶೇಕಡಾ 20 ಕಳೆಯುತ್ತಾರೆ, ಎರಡರಿಂದ ಮೂರಕ್ಕೆ 30. ಒಂದು ಲಕ್ಷದ ಗಾಡಿಗೆ ಎರಡನೇ ವರ್ಷ 80,000 ಇರಬೇಕಾದಲ್ಲಿ 60,000 ಬರೆದರೆ ಪ್ರೀಮಿಯಂ ಸ್ವಲ್ಪ ಇಳಿಯುತ್ತದೆ, ಕಳವಾದ ದಿನ ಇಪ್ಪತ್ತು ಸಾವಿರ ಹೋಗುತ್ತದೆ.

ಎರಡನೆಯದು, ಝೀರೋ ಡೆಪ್. ನಮ್ಮ ಕಡೆ ಬಂಪರ್ ಟು ಬಂಪರ್ ಎನ್ನುತ್ತಾರೆ. ಇದಿಲ್ಲದ ಫುಲ್ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿಗೆ ಅರ್ಧ ದುಡ್ಡು ಮಾತ್ರ. ಈಗಿನ ಸ್ಕೂಟರಿನ ಹೊರಗೆ ಕಾಣುವುದರಲ್ಲಿ ಹೆಚ್ಚಿನದು ಪ್ಲಾಸ್ಟಿಕ್ಕೇ. ಎಂಟು ಸಾವಿರದ ಪ್ಯಾನೆಲ್ ಹೋದರೆ ನಾಲ್ಕು ಸಾವಿರ ನಿಮ್ಮ ಕಿಸೆಯಿಂದ. ಹೊಸದಾಗಿ ಓಡಿಸಲು ಕಲಿತವರು ದೊಡ್ಡ ಅಪಘಾತಕ್ಕಿಂತ ಹೆಚ್ಚಾಗಿ ಬೀಳುವುದು ಗೇಟಿನ ಬಳಿ, ಯು ಟರ್ನ್‌ನಲ್ಲಿ, ನಿಧಾನದಲ್ಲಿ. ಸರ್ವಿಸ್ ಸೆಂಟರಿಗೆ ಬರುತ್ತಿದ್ದದ್ದು ಮುರಿದ ಪ್ಯಾನೆಲ್, ಬಾಗಿದ ಹ್ಯಾಂಡಲ್, ಮುರಿದ ಲಿವರ್. ಹೊಸ ಸವಾರರಿಗೆ ಮೊದಲ ಎರಡು ಮೂರು ವರ್ಷ ಇದು ಬೇಕು.

ಮೂರನೆಯದು, ಅದೇ ಮಾಲೀಕ ಸವಾರನ ವಿಮೆ. ನಿಮಗೆ ಬೇರೆ ಕಡೆ 15 ಲಕ್ಷದ ಅಪಘಾತ ವಿಮೆ ಇದ್ದರೆ ಇದನ್ನು ಬಿಡಬಹುದು ಎಂದು ನಿಯಮ ಇದೆ. ಮೊಬೈಲಿನಲ್ಲಿ ಪಾಲಿಸಿ ಮಾಡುವಾಗ "ನನ್ನಲ್ಲಿ ಬೇರೆ ಇದೆ" ಎಂಬಲ್ಲಿ ಒಂದು ಟಿಕ್ ಹಾಕಿದರೆ ಕೆಲವು ನೂರು ರೂಪಾಯಿ ಕಡಿಮೆಯಾಗುತ್ತದೆ. ನಮ್ಮ ಹುಡುಗರು ಕಣ್ಣು ಮುಚ್ಚಿ ಆ ಟಿಕ್ ಹಾಕುತ್ತಾರೆ. ಅದು ಸುಳ್ಳು ಹೇಳಿಕೆ. ಆ ಸುಳ್ಳಿಗೆ ಬಲಿ ಬೀಳುವವನೂ ಅವನೇ.

"ಕಂಪನಿಯವರು ಕೊಡುವುದಿಲ್ಲ" ಎನ್ನುವವರಿಗೆ

ಕೊಡದ ಸಂದರ್ಭಗಳು ಇವೆ, ನಾನೇ ನೋಡಿದ್ದೇನೆ. ಆದರೆ ನಾನು ನೋಡಿದ ತಿರಸ್ಕಾರಗಳಲ್ಲಿ ಬಹಳಷ್ಟು ನಮ್ಮ ಕಡೆಯ ಕೆಲಸಗಳೇ ಆಗಿದ್ದವು. ಲೈಸೆನ್ಸ್ ಇಲ್ಲ. ಪಾಲಿಸಿ ಮುಗಿದು ಹತ್ತು ದಿನ ಆಗಿದೆ. ಕಂಪನಿಗೆ ತಿಳಿಸುವ ಮೊದಲೇ ಊರಿನ ಗ್ಯಾರೇಜಿನಲ್ಲಿ ಬಿಚ್ಚಿ ಹಾಕಿದ್ದಾರೆ. ನೀರಿನಲ್ಲಿ ಮುಳುಗಿದ ಗಾಡಿಯನ್ನು ಹತ್ತು ಸಲ ಸೆಲ್ಫ್ ಒತ್ತಿ ಸ್ಟಾರ್ಟ್ ಮಾಡಿದ್ದಾರೆ.

ಈ ಕೊನೆಯದನ್ನು ಮೆಕ್ಯಾನಿಕ್ಕಾಗಿ ಹೇಳುತ್ತೇನೆ. ಸಿಲಿಂಡರಿನೊಳಗೆ ನೀರು ಹೋದರೆ ಗಾಳಿಯಂತೆ ಅದನ್ನು ಒತ್ತಿ ಸಣ್ಣದು ಮಾಡಲು ಆಗುವುದಿಲ್ಲ. ಪಿಸ್ಟನ್ ಮೇಲೆ ಬಂದಾಗ ನೀರು ಬಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಇದು ಪ್ರವಾಹದ ಹಾನಿ ಅಲ್ಲ, ನೀವು ಸ್ಟಾರ್ಟ್ ಮಾಡಿದ್ದರಿಂದ ಆದದ್ದು ಎಂದು ಸರ್ವೆಯರ್ ಬರೆಯುತ್ತಾನೆ. ಎಂಜಿನ್ ಪ್ರೊಟೆಕ್ಷನ್ ಎಂಬ ಸೇರ್ಪಡೆ ಇಲ್ಲದಿದ್ದರೆ ದುಡ್ಡಿಲ್ಲ. ಮಳೆಗಾಲದಲ್ಲಿ ನೀರು ನುಗ್ಗುವ ಅಂಗಳದವರು ಮುಳುಗಿದ ಗಾಡಿಯನ್ನು ಸ್ಟಾರ್ಟ್ ಮಾಡದೆ ತಳ್ಳಿಕೊಂಡು ಗ್ಯಾರೇಜಿಗೆ ಹೋಗಿ.

ಇನ್ನು ಕೆಲವರು ಕ್ಲೇಮ್ ಮಾಡಲು ಹೆದರುತ್ತಾರೆ, ಬೋನಸ್ ಹೋಗುತ್ತದೆಂದು. ಕ್ಲೇಮ್ ಇಲ್ಲದ ವರ್ಷಗಳಿಗೆ ಶೇಕಡಾ 20ರಿಂದ 50ರವರೆಗೆ ರಿಯಾಯಿತಿ ಇದೆ, ನಿಜ. ಆದರೆ ಅದು ಸ್ವಂತ ಹಾನಿಯ ಪ್ರೀಮಿಯಂ ಮೇಲೆ ಮಾತ್ರ. ಆ ಭಾಗ 1,500 ರೂಪಾಯಿ ಎಂದಿಟ್ಟುಕೊಂಡರೆ ಶೇಕಡಾ 20 ಎಂದರೆ 300. ಮುನ್ನೂರು ಉಳಿಸಲು ಆರು ಸಾವಿರ ಕೈಯಿಂದ ಹಾಕುವುದು ಯಾವ ವ್ಯಾಪಾರ?

"ಅದು ಹರಾಮಲ್ಲವಾ?" ಎನ್ನುವವರಿಗೆ

ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳುವವನು ನಾನಲ್ಲ. ನನಗೆ ಫತ್ವಾ ಕೊಡುವ ಅರ್ಹತೆಯೂ ಇಲ್ಲ. ನಿಮ್ಮ ಉಸ್ತಾದರಲ್ಲಿ ಕೇಳಿ. ಕೇಳುವಾಗ ಪೂರ್ತಿ ವಿಷಯ ಹೇಳಿ ಕೇಳಿ. ಕಾನೂನು ಯಾವುದನ್ನು ಕಡ್ಡಾಯ ಮಾಡಿದೆ, ಯಾವುದು ಗುದ್ದಿಸಿಕೊಂಡವನ ಹಕ್ಕು, ಯಾವುದು ನಮ್ಮ ಇಷ್ಟಕ್ಕೆ ಬಿಟ್ಟದ್ದು ಎಂದು ಬೇರೆ ಬೇರೆ ಮಾಡಿ ಕೇಳಿ.

ನನಗೆ ಕಾಣುವುದು ಇಷ್ಟು. ನಿಜವಾಗಿ ಧರ್ಮದ ಭಯದಿಂದ ಫುಲ್ ಪಾಲಿಸಿ ಬೇಡ ಎನ್ನುವವರ ಮೇಲೆ ನನಗೆ ಗೌರವ ಇದೆ. ಅಂಥವರನ್ನು ನಾನು ನೋಡಿದ್ದೇನೆ, ಅವರು ಬಡ್ಡಿಯ ಲೋನಿನಲ್ಲಿ ಗಾಡಿಯನ್ನೂ ತೆಗೆಯುವುದಿಲ್ಲ. ಮೂವತ್ತಾರು ಕಂತಿನ ಬಡ್ಡಿಗೆ ಸಹಿ ಹಾಕಿ, ಇನ್ಶೂರೆನ್ಸಿನ ಕೆಲವು ನೂರು ರೂಪಾಯಿಗೆ ಬಂದಾಗ ಮಾತ್ರ ಹರಾಮು ನೆನಪಾಗುವವರ ಬಗ್ಗೆ ನಾನು ಹೇಳುತ್ತಿರುವುದು. ಅದು ತಕ್ವಾ ಅಲ್ಲ, ಜಿಪುಣತನ. ಒಂಟೆಯನ್ನು ಕಟ್ಟಿದ ಮೇಲೆ ತವಕ್ಕುಲ್ ಎಂದು ಮದ್ರಸದಲ್ಲಿ ಕಲಿತವರಲ್ಲವೇ ನಾವು?

ಧರ್ಮದ ಕಾರಣಕ್ಕೆ ಬಿಡುವವರು ಅಲ್ಲಿಗೇ ನಿಲ್ಲಬಾರದು. ಆ ಹಣವನ್ನು ಬೇರೆ ತೆಗೆದಿಡಬೇಕು. ಜಮಾಅತ್‌ನಲ್ಲಿ ಒಂದು ಅಪಘಾತ ನಿಧಿ ಮಾಡಬೇಕು. ಪ್ರತಿ ಬೈಕಿಗೆ ವರ್ಷಕ್ಕೆ ಇಷ್ಟು ಎಂದು ಎಲ್ಲರೂ ಹಾಕಬೇಕು. ವಿಮೆಯೂ ಬೇಡ, ನಿಧಿಯೂ ಬೇಡ, ಬಿದ್ದ ದಿನ ನೋಡೋಣ ಎಂಬುದಕ್ಕೆ ಯಾವ ಮದ್‌ಹಬಿನಲ್ಲೂ ಹೆಸರಿಲ್ಲ.

ಹಾಗಾದರೆ ಎಷ್ಟು ತೆಗೆಯಬೇಕು?

ಎಲ್ಲರೂ ಅತಿ ದುಬಾರಿಯದ್ದನ್ನು ತೆಗೆಯಿರಿ ಎಂದು ನಾನು ಹೇಳುವುದಿಲ್ಲ. ಏಜೆಂಟನೂ ಅಲ್ಲ ನಾನು.

ಹೊಸ ಗಾಡಿ, ಹೊಸ ಸವಾರ, ಅದರಲ್ಲೂ ಲೋನ್ ಇದ್ದರೆ: ಫುಲ್ ಪಾಲಿಸಿ, ಝೀರೋ ಡೆಪ್, ಮಾಲೀಕ ಸವಾರನ ವಿಮೆ. ಮೊದಲ ವರ್ಷ ಮುಗಿಯುವ ತಾರೀಕನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಸ್ವಂತ ಹಾನಿಯದ್ದನ್ನು ಬೇರೆಯಾಗಿ ತೆಗೆಯಲು 2019ರಿಂದ ಅವಕಾಶ ಇದೆ. ಹಿಂದೆ ಯಾರಾದರೂ ಕೂರುವವರಿದ್ದರೆ ಅವರ ವಿಷಯವನ್ನು ಏಜೆಂಟಿನಲ್ಲಿ ಬಾಯಲ್ಲಿ ಕೇಳಬೇಡಿ, ಪಾಲಿಸಿಯಲ್ಲಿ ಬರೆದದ್ದನ್ನು ತೋರಿಸಲು ಹೇಳಿ. ಹಿಂದೆ ಕೂತವರ ಅಪಘಾತ ವಿಮೆಯನ್ನು ಬೇರೆಯಾಗಿ ಸೇರಿಸಲೂ ಆಗುತ್ತದೆ.

ಇಪ್ಪತ್ತು ಸಾವಿರವೂ ಬಾಳದ ಹಳೆಯ ಗಾಡಿ, ಒಬ್ಬನೇ ಓಡಿಸುವುದು: ಥರ್ಡ್ ಪಾರ್ಟಿ ಸಾಕು. ಆದರೆ ಮಾಲೀಕ ಸವಾರನ ವಿಮೆ ಬಿಡಬೇಡಿ. ಗಾಡಿ ಹಳೆಯದಾದರೂ ಕಾಲು ಹಳೆಯದಲ್ಲ.

ಮನೆಯಲ್ಲಿ ಒಂದೇ ಗಾಡಿ, ಓಡಿಸುವವರು ಮೂವರು: ಹೆಚ್ಚು ಓಡಿಸುವವರ ಹೆಸರಿಗೆ ಆರ್‌ಸಿ ಮಾಡಿಸಿ. ಹೆಂಡತಿ ಓಡಿಸುವುದಾದರೆ ಹೆಂಡತಿಯ ಹೆಸರಿಗೆ. ಅದರಿಂದ ಗಂಡನ ಮರ್ಯಾದೆ ಹೋಗುವುದಿಲ್ಲ. ಉಳಿದವರಿಗೆ ಗಾಡಿಗೆ ಸಂಬಂಧವಿಲ್ಲದ, ಅವರವರ ಹೆಸರಿನ ಅಪಘಾತ ವಿಮೆ ತೆಗೆಯಿರಿ.

ಇದು ಯಾವುದೂ ಆಗುವುದಿಲ್ಲ ಎನ್ನುವವರು ಬ್ಯಾಂಕಿಗೆ ಹೋಗಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಫಾರ್ಮ್ ಆದರೂ ತುಂಬಿ. ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರಿಗೆ. ಅಪಘಾತದಲ್ಲಿ ಸತ್ತರೆ ಎರಡು ಲಕ್ಷ, ಒಂದು ಕೈಯೋ ಕಾಲೋ ಹೋದರೆ ಒಂದು ಲಕ್ಷ. ಗಾಡಿ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆಯೇ ಇಲ್ಲ. ಪ್ರತಿ ವರ್ಷ ಜೂನ್ 1ಕ್ಕೆ ಹೊಸದಾಗುತ್ತದೆ, ಆ ಹೊತ್ತಿಗೆ ಅಕೌಂಟಿನಲ್ಲಿ ಇಪ್ಪತ್ತು ರೂಪಾಯಿ ಇರಬೇಕು ಅಷ್ಟೆ. ಮಾಮನ ಮಗನಿಗೆ ಇದೂ ಇರಲಿಲ್ಲ. ಹೇಳಬೇಕಾದವನು ನಾನು, ಹೇಳಿರಲಿಲ್ಲ.

ಕೊನೆಗೆ ಒಂದು ಮಾತು

ಅಪಘಾತ ಆದ ನಾಲ್ಕನೇ ದಿನ ವಾಟ್ಸಾಪಿನಲ್ಲಿ ಫೋಟೋ ಬಂತು. ಆಸ್ಪತ್ರೆಯ ಹಾಸಿಗೆ, ಬ್ಯಾಂಡೇಜ್ ಸುತ್ತಿದ ಕಾಲು, ಕೆಳಗೆ ಅಕೌಂಟ್ ನಂಬರ್. ಊರಿನವರು ಕೊಟ್ಟರು. ಗಲ್ಫಿನ ಹುಡುಗರು ಓವರ್‌ಟೈಮ್ ದುಡ್ಡು ಕಳಿಸಿದರು. ಪರಿಚಯವೇ ಇಲ್ಲದ ಒಬ್ಬ ತಾಯಿ ನಮ್ಮ ಅಂಗಡಿಗೆ ಬಂದು, ಸಾಮಾನು ತೆಗೆಯಲು ತಂದಿದ್ದ ದುಡ್ಡಿನಿಂದ ಇನ್ನೂರು ರೂಪಾಯಿ ಉಪ್ಪನ ಕೈಗೆ ಕೊಟ್ಟು ಹೋದರು. ಆಸ್ಪತ್ರೆಯ ಬಿಲ್ಲು ತೀರಿತು. ಅಲ್ಲಾಹು ಎಲ್ಲರಿಗೂ ಪ್ರತಿಫಲ ಕೊಡಲಿ. ಕೊಡುವುದರಲ್ಲಿ ನಮ್ಮ ಬ್ಯಾರಿಗಳಿಗೆ ಯಾರೂ ಸಮ ಇಲ್ಲ.

ಆದರೆ ಮಾಮ ಆ ಫೋಟೋ ನೋಡಿ ಫೋನನ್ನು ಮಗುಚಿ ಇಟ್ಟರು. ಜೀವನಪೂರ್ತಿ ಯಾರ ಮುಂದೆಯೂ ಕೈ ಚಾಚದ ಮನುಷ್ಯ. ಅವರ ಮಗನ ಕಾಲಿನ ಚಿತ್ರ ಜಿಲ್ಲೆಯ ಎಲ್ಲ ಗ್ರೂಪುಗಳಲ್ಲಿ ಸುತ್ತುತ್ತಿತ್ತು. ಬಿದ್ದವನಿಗೆ ಲಕ್ಷ ಕೊಡುವ ನಾವು, ಬೀಳುವ ಮೊದಲು ಅವನ ಕಾಗದವನ್ನು ಒಂದು ಸಲ ನೋಡುವುದಿಲ್ಲ. ಈ ಅಭ್ಯಾಸವನ್ನು ಸದಕ ಎಂಬ ಹೆಸರಿನಡಿ ಮುಚ್ಚಿಡುವುದು ಸಾಕು.

ಗಲ್ಫಿನ ಕಾಕಂದಿರೇ, ಅಳಿಯನಿಗೆ ಬೈಕ್ ಕೊಡಿಸುವಾಗ ವಿಮೆಯ ದುಡ್ಡು ಮೊದಲು ಕೊಡಿ, ಕ್ರ್ಯಾಶ್ ಗಾರ್ಡ್ ಆಮೇಲೆ. ಜಮಾಅತ್ ಕಮಿಟಿಯವರೇ, ವರ್ಷಕ್ಕೊಮ್ಮೆ ಜುಮಾ ನಂತರ ಪಳ್ಳಿಯ ಅಂಗಳದಲ್ಲಿ ಒಂದು ಮೇಜು ಹಾಕಿ, ಎಲ್ಲರ ಪಾಲಿಸಿ ನೋಡಿ ಹೇಳಲು ನಾನು ಬಂದು ಕೂರುತ್ತೇನೆ, ದುಡ್ಡು ಬೇಡ.

ನೀವು ಇವತ್ತು ಇಶಾ ಕಳೆದು ಮನೆಗೆ ಬಂದ ಮೇಲೆ ಗಾಡಿಯ ಸೀಟಿನಡಿಯಿಂದ ಆ ಕಾಗದ ತೆಗೆಯಿರಿ. ನಾಲ್ಕು ವಿಷಯ ನೋಡಿ. ಯಾರ ಹೆಸರು? ಮಾಲೀಕ ಸವಾರನ ಸಾಲಿನಲ್ಲಿ ಯಾವ ತಾರೀಕು? ಹಿಂದೆ ಕೂರುವವರ ಬಗ್ಗೆ ಏನು ಬರೆದಿದೆ? ನಾಮಿನಿ ಯಾರು?

ಮಾಮನ ಮಗ ಈಗ ನಮ್ಮ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಬಳಿ ಕೂರುತ್ತಾನೆ. ಹೊಸ ಬೈಕಿನಲ್ಲಿ ಬರುವ ಹುಡುಗರು ಅವನಿಗೆ ಗಾಡಿ ತೋರಿಸುತ್ತಾರೆ. ಅವನು ಸಿಸಿ ಕೇಳುವುದಿಲ್ಲ, ಮೈಲೇಜ್ ಕೇಳುವುದಿಲ್ಲ. "ಇನ್ಶೂರೆನ್ಸ್ ತೋರಿಸು" ಎನ್ನುತ್ತಾನೆ. ಕೆಲವರು ನಗುತ್ತಾರೆ. ಅವನು ಕೌಂಟರಿನ ಹಿಂದಿನಿಂದ ಎದ್ದು ನಿಂತಾಗ ನಗು ನಿಲ್ಲುತ್ತದೆ.